ಬಾರಾವಿ ಬೋರ್ಡು, ಸಿಇಟಿ ಮತ್ತು ಮಕ್ಕಳ ನಿದ್ದೆ

ನಮ್ಮ ಆರೋಗ್ಯ ಮಾಲಿಕೆಯಲ್ಲಿ ಈ ವಾರ ಬಿ.ಪಿ., ಸಕ್ಕರೆ ಕಾಯಿಲೆ ಬದಿಗಿಟ್ಟು ಮಕ್ಕಳ ವಿಷಯ ತೆಗೆದುಕೊಂಡಿದ್ದೇನೆ. ಪುಣೆಯಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಪ್ರತಿ ವರ್ಷ ಯಾರದೋ ಒಬ್ಬರ ಮಗನೋ ಮಗಳೋ 'ಬಾರಾವಿ'ಯಲ್ಲಿ ಇದ್ದೇ ಇರುತ್ತಾರೆ. ಊರಲ್ಲಿ ನಾವು ಸೆಕೆಂಡ್ ಪಿಯುಸಿ ಅನ್ನುವುದಕ್ಕೆ ಇಲ್ಲಿ ಬಾರಾವಿ ಎಂದು ಹೆಸರು. ಬೋರ್ಡ್ ಪರೀಕ್ಷೆಯ ಜೊತೆಗೇ ಸಿಇಟಿ, ನೀಟ್ ಅಥವಾ ಜೆಇಇ. ಎರಡನ್ನೂ ಒಟ್ಟಿಗೆ ಓದಬೇಕು. ಹೇಗೆ ಓದಬೇಕು ಎಂದು ಕ್ಲಾಸಿನವರು ಹೇಳುತ್ತಾರೆ. ಓದುವ ದೇಹವನ್ನು ಹೇಗೆ ಕಾಯಬೇಕು ಎಂದು ಹೇಳುವವರು ಕಡಿಮೆ.

ಮೊದಲು ನಮ್ಮ ಮನೆಯದೇ ಕಥೆ. ನಮ್ಮ ದೊಡ್ಡ ಮಗಳು ಬಾರಾವಿಯಲ್ಲಿದ್ದಾಗ ರಾತ್ರಿ ಎರಡು ಗಂಟೆಯವರೆಗೆ ಓದುತ್ತಿದ್ದಳು. ಬೆಳಿಗ್ಗೆ ಐದಕ್ಕೆ ನಾನೇ ಎಬ್ಬಿಸುತ್ತಿದ್ದೆ. ಎಬ್ಬಿಸಿ, ಚಹಾ ಕೊಟ್ಟು, ಒಳ್ಳೆಯ ತಾಯಿ ಎಂದು ನನಗೆ ನಾನೇ ಹೆಮ್ಮೆಪಡುತ್ತಿದ್ದೆ. ಫಿಸಿಕ್ಸ್ ಪೇಪರಿನ ದಿನ ಅವಳು ಕೊನೆಯ ಪುಟದ ಪ್ರಶ್ನೆಗಳನ್ನು ನೋಡಲೇ ಇಲ್ಲ. ಗೊತ್ತಿರಲಿಲ್ಲ ಎಂದಲ್ಲ, ಪುಟ ತಿರುವುವುದೇ ಮರೆತುಹೋಯಿತು. ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ಕುಳಿತುಬಿಟ್ಟಳು. ಆ ಅಂಕ ಹೋದದ್ದು ಓದು ಸಾಲದೆ ಅಲ್ಲ, ನಿದ್ದೆ ಸಾಲದೆ ಎಂದು ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು.

*ಇದು ಒಂದು ಪರೀಕ್ಷೆಯಲ್ಲ, ನೂರು ದಿನ*

2025ರ ಕ್ಯಾಲೆಂಡರ್ ನೋಡಿ. ಜೆಇಇ ಮೇನ್‌ನ ಮೊದಲ ಸುತ್ತು ಜನವರಿ 22ಕ್ಕೆ ಶುರುವಾಯಿತು. ಅದೇ ಹೊತ್ತಿಗೆ ಕಾಲೇಜಿನಲ್ಲಿ ಪ್ರಾಕ್ಟಿಕಲ್. ಮಹಾರಾಷ್ಟ್ರ ಬೋರ್ಡ್ ಪರೀಕ್ಷೆ ಫೆಬ್ರವರಿ 11ರಿಂದ ಮಾರ್ಚ್ ಮಧ್ಯದವರೆಗೆ. ಏಪ್ರಿಲ್ ಮೊದಲ ವಾರ ಜೆಇಇ ಎರಡನೇ ಸುತ್ತು. ಎಂಎಚ್‌ಟಿ ಸಿಇಟಿಯ ಜೀವಶಾಸ್ತ್ರ ಗುಂಪು ಏಪ್ರಿಲ್ 9ರಿಂದ, ಗಣಿತ ಗುಂಪು 19ರಿಂದ. ನೀಟ್ ಮೇ 4ಕ್ಕೆ. ಎಲ್ಲ ಮಕ್ಕಳೂ ಎಲ್ಲವನ್ನೂ ಬರೆಯುವುದಿಲ್ಲ, ಆದರೂ ಮೊದಲಿನಿಂದ ಕೊನೆಗೆ ನೂರು ದಿನಕ್ಕೂ ಹೆಚ್ಚು. ದಿನಾಂಕಗಳು ವರ್ಷಕ್ಕೊಮ್ಮೆ ಸ್ವಲ್ಪ ಹಿಂದೆಮುಂದೆ ಆಗುತ್ತವೆ, ಉದ್ದ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಒಂದು ವಾರ ನಿದ್ದೆಗೆಟ್ಟು ಓದಬಹುದು. ನೂರು ದಿನ ಆಗುವುದಿಲ್ಲ.

ಸಮಾಧಾನದ ಸಂಗತಿಯೂ ಇದೆ. ಪುಸ್ತಕ ಎರಡಲ್ಲ, ಒಂದೇ. ಎಂಎಚ್‌ಟಿ ಸಿಇಟಿ ಕೇಳುವುದು ರಾಜ್ಯ ಬೋರ್ಡಿನ ಪಠ್ಯವನ್ನೇ, ಸುಮಾರು 80% ಹನ್ನೆರಡನೆಯದು, 20% ಹನ್ನೊಂದನೆಯದು. ಆದ್ದರಿಂದ ಡಿಸೆಂಬರ್‌ವರೆಗೆ 'ಬೋರ್ಡಿಗೆ ಬೇರೆ, ಸಿಇಟಿಗೆ ಬೇರೆ' ಎಂದು ಮಗು ಎರಡು ಟೈಮ್‌ಟೇಬಲ್ ಹಾಕಿಕೊಳ್ಳಬೇಕಿಲ್ಲ. ಪಾಠ ಓದಿ, ಉತ್ತರ ಬರೆದು, ಅದೇ ಪಾಠದ ಬಹು ಆಯ್ಕೆಯ ಪ್ರಶ್ನೆಗಳನ್ನು ಅದೇ ವಾರ ಬಿಡಿಸಿದರೆ ಎರಡೂ ಆಯಿತು. ಫೆಬ್ರವರಿ ಬಂದ ಮೇಲೆ ಬರವಣಿಗೆ ಮಾತ್ರ. ಬೋರ್ಡ್ ಮುಗಿದ ಮೇಲೆ ಪೂರ್ತಿ ಸಿಇಟಿ. ಹೀಗೆ ಮಾಡಿದರೆ ರಾತ್ರಿಯಿಂದ ಕದಿಯುವ ಗಂಟೆಗಳು ತಾನಾಗಿ ಕಡಿಮೆಯಾಗುತ್ತವೆ.

ಯಾವುದಕ್ಕೆ ಎಷ್ಟು ತೂಕ ಎಂದೂ ತಿಳಿದಿರಲಿ. ಮಹಾರಾಷ್ಟ್ರದಲ್ಲಿ ಇಂಜಿನಿಯರಿಂಗ್ ಸೀಟಿನ ಪಟ್ಟಿ ಆಗುವುದು ಸಿಇಟಿ ಪರ್ಸೆಂಟೈಲ್ ಮೇಲೆ. ಬೋರ್ಡಿನ ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ 45%, ಮೀಸಲು ವರ್ಗಕ್ಕೆ 40% ಇರಬೇಕು. ಕರ್ನಾಟಕದ ಕೆಸಿಇಟಿ ಬೇರೆ. ಅಲ್ಲಿ ಇಂಜಿನಿಯರಿಂಗಿಗೆ ಬೋರ್ಡಿನ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕನ್ನಡ, ತುಳು, ಕೊಡವ ಮನೆಮಾತಿನ ನಮ್ಮಂಥವರಿಗೆ ಅಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗ ಎಂಬ ಅವಕಾಶವಿದೆ, ಅದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಒಳ್ಳೆಯದೇ. ಆದರೆ 2025ರಲ್ಲಿ ಕೆಸಿಇಟಿ ಇದ್ದದ್ದು ಏಪ್ರಿಲ್ 16 ಮತ್ತು 17. ಇಲ್ಲಿಯ ಸಿಇಟಿಯ ದಿನಗಳ ನಟ್ಟನಡುವೆ! ಸ್ವಾರಗೇಟಿನಲ್ಲಿ ರಾತ್ರಿ ಬಸ್ ಹತ್ತಿ, ಕುಲುಕಾಡಿಕೊಂಡು ಹೋಗಿ, ಬೆಳಿಗ್ಗೆ ನೇರವಾಗಿ ಪರೀಕ್ಷೆ ಬರೆಸುವುದಾದರೆ ಆ ಅರ್ಜಿ ತುಂಬದಿರುವುದೇ ಮೇಲು. ಬರೆಸುವುದೇ ಆದರೆ ಒಂದು ದಿನ ಮೊದಲೇ ಹೋಗಿ, ನೆಂಟರ ಮನೆಯಲ್ಲಿ ಮಲಗಲು ಬಿಡಿ. ನೆಂಟರಿಗೂ ಮೊದಲೇ ಹೇಳಿ, ರಾತ್ರಿ ಹನ್ನೊಂದರವರೆಗೆ ಮಾತಾಡಿಸಬೇಡಿ ಎಂದು.

*ರಾತ್ರಿ ಎಷ್ಟು, ಬೆಳಗಿನ ಜಾವ ಎಷ್ಟು*

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾ ತಜ್ಞರ ಸಲಹೆ. ಹಗಲು ಓದಿದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲೇ. ಆ ಹೊತ್ತನ್ನು ಕತ್ತರಿಸಿದರೆ ಓದಿದ್ದು ಉಳಿಯುವುದಿಲ್ಲ, ಮರುದಿನ ಗಮನವೂ ನಿಲ್ಲುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ 8 ಆಗದಿದ್ದರೂ 7ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ನಮ್ಮ ಅಜ್ಜಂದಿರು ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎನ್ನುತ್ತಿದ್ದರು. ಅವರು ರಾತ್ರಿ ಎಂಟೂವರೆಗೆ ಮಲಗುತ್ತಿದ್ದರು. ಕಾತ್ರಜ್, ಹಡಪಸರ್, ಪಿಂಪರಿ ಕಡೆಯ ಯಾವ ಮನೆಯಲ್ಲಿ ಎಂಟೂವರೆಗೆ ದೀಪ ಆರುತ್ತದೆ ಹೇಳಿ? ಇನ್ನೊಂದು ಮಾತು. ಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಸರಿಯುತ್ತದೆ. ನಿದ್ದೆ ಬರುವುದು ತಡ, ಎಚ್ಚರವಾಗುವುದೂ ತಡ. ಅದು ಸೋಮಾರಿತನವಲ್ಲ. ಹನ್ನೊಂದಕ್ಕೆ ಮಲಗಿ ಆರಕ್ಕೋ ಆರೂವರೆಗೋ ಏಳುವ ಮಗುವನ್ನು ನಾಲ್ಕಕ್ಕೆ ಎಬ್ಬಿಸಿ ಕೂರಿಸುವುದರಿಂದ ಲಾಭವಿಲ್ಲ.

ಒಂದೇ ಖೋಲಿಯ ಮನೆಯಲ್ಲಿ ಇದೆಲ್ಲ ಕಷ್ಟ, ಗೊತ್ತು. ಅಪ್ಪ ಡ್ಯೂಟಿ ಮುಗಿಸಿ ಬರುವುದೇ ಹತ್ತೂವರೆ, ತಮ್ಮನಿಗೆ ಟಿವಿ ಬೇಕು, ಪಕ್ಕದ ಮನೆಯ ಮಾತು ಗೋಡೆ ದಾಟಿ ಬರುತ್ತದೆ. ಅಂಥ ಮನೆಯ ಮಕ್ಕಳು ಹಗಲು 'ಅಭ್ಯಾಸಿಕಾ'ಗೆ ಹೋಗಿ ಓದಲಿ. ತಿಂಗಳಿಗೆ ಇಷ್ಟು ಎಂದು ಕೊಟ್ಟು ಕುಳಿತು ಓದುವ ಕೋಣೆಗಳು ಪುಣೆಯಲ್ಲಿ ಬೇಕಾದಷ್ಟಿವೆ. ಆದರೆ ರಾತ್ರಿ ಒಂದರವರೆಗೆ ತೆರೆದಿರುತ್ತದೆ ಎಂಬ ಕಾರಣಕ್ಕೆ ಅಲ್ಲೇ ಕೂರುವುದು ಬೇಡ. ಮನೆಯಲ್ಲಿ ಹನ್ನೊಂದಕ್ಕೆ ಟಿವಿ, ಮೊಬೈಲ್, ದೊಡ್ಡ ದೀಪ ಎಲ್ಲ ಬಂದ್. ಮಗುವಿನದು ಮಾತ್ರವಲ್ಲ, ನಮ್ಮದೂ.

ಚಹಾದ ಲೆಕ್ಕ ಬೇರೆ ಇಡಬೇಕು. ಪುಣೆಯಲ್ಲಿ ಗಲ್ಲಿಗೊಂದು ಅಮೃತತುಲ್ಯ ಚಹಾದಂಗಡಿ. ಚಹಾ, ಕಾಫಿಯಲ್ಲಿರುವ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ರಾತ್ರಿ ಒಂಬತ್ತಕ್ಕೆ ಕುಡಿದ ಕಪ್ಪಿನ ಅರ್ಧ ಪ್ರಭಾವ ಎರಡು ಗಂಟೆಗೂ ಇರುತ್ತದೆ. ಸಂಜೆ ಐದರ ನಂತರ ಚಹಾ ಬೇಡ. ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕ್ ಯಾವ ಹೊತ್ತಿಗೂ ಬೇಡ.

*ಪರೀಕ್ಷೆಯ ಗಂಟೆಗೆ ದೇಹವನ್ನು ಒಗ್ಗಿಸಿ*

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಬೋರ್ಡ್ ಪೇಪರ್ ಬೆಳಗಿನ ಸರದಿಯಾದರೆ 11ರಿಂದ 2. ಸಿಇಟಿ ಬೆಳಿಗ್ಗೆ 9ಕ್ಕೆ ಅಥವಾ ಮಧ್ಯಾಹ್ನ 2ಕ್ಕೆ. ನೀಟ್ ಮಧ್ಯಾಹ್ನ 2ರಿಂದ 5, ಅದೂ ಮೇ ತಿಂಗಳ ಬಿಸಿಲಿನಲ್ಲಿ. ಊಟದ ಮೇಲೆ ಎರಡು ಮೂರು ಗಂಟೆಗೆ ಎಲ್ಲರಿಗೂ ಸಹಜವಾಗಿ ಜೊಂಪು ಹತ್ತುತ್ತದೆ. ರಾತ್ರಿಯೇ ಓದಿ ಮಧ್ಯಾಹ್ನ ಮಲಗುವುದನ್ನು ಮೂರು ತಿಂಗಳು ರೂಢಿಮಾಡಿಕೊಂಡ ಮಗು ಸರಿಯಾಗಿ ಅದೇ ಹೊತ್ತಿಗೆ 180 ಪ್ರಶ್ನೆ ಬಿಡಿಸಬೇಕು, ತಪ್ಪಿದರೆ ಅಂಕ ಕಳೆಯುತ್ತಾರೆ. ಹಾಗಾಗಿ ಪರೀಕ್ಷೆಗೆ ಮೂರು ವಾರ ಮೊದಲಿನಿಂದ ಮಾದರಿ ಪ್ರಶ್ನೆಪತ್ರಿಕೆಯನ್ನು ನಿಜವಾದ ಪರೀಕ್ಷೆಯ ಗಂಟೆಗೇ ಬಿಡಿಸಲಿ. ಆ ಮಧ್ಯಾಹ್ನಗಳಲ್ಲಿ ಹನ್ನೆರಡರೊಳಗೆ ಹಗುರ ಊಟ, ಹೊಟ್ಟೆ ಬಿರಿಯುವಷ್ಟು ಅನ್ನ ಬೇಡ.

ಬೋರ್ಡ್ ಪರೀಕ್ಷೆ ಕೈಯದು, ಸಿಇಟಿ ಕಣ್ಣಿನದು. ಮೂರು ಗಂಟೆ ಸತತ ಬರೆಯಲು ಬೆರಳು, ಭುಜಕ್ಕೆ ರೂಢಿ ಬೇಕು. ವರ್ಷವಿಡೀ ಆಯ್ಕೆಗಳಿಗೆ ಗುರುತು ಹಾಕಿದ ಮಕ್ಕಳ ಕೈ ಎರಡನೇ ಗಂಟೆಗೇ ಸೋಲುತ್ತದೆ. ಎಂಎಚ್‌ಟಿ ಸಿಇಟಿ ಕಂಪ್ಯೂಟರಿನ ಮೇಲೆ. ಫಿಸಿಕ್ಸ್, ಕೆಮಿಸ್ಟ್ರಿ ಸೇರಿ 100 ಪ್ರಶ್ನೆಗೆ 90 ನಿಮಿಷ, ಅಂದರೆ ಒಂದಕ್ಕೆ 54 ಸೆಕೆಂಡ್. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆಯಾಗುತ್ತದೆ. ಕಣ್ಣು ಒಣಗಿ ಉರಿಯುತ್ತದೆ, ತಲೆನೋವು ಬರುತ್ತದೆ. ಓದುವಾಗ 20 ನಿಮಿಷಕ್ಕೊಮ್ಮೆ 20 ಸೆಕೆಂಡ್ ದೂರದ ಮರವನ್ನೋ ಎದುರು ಕಟ್ಟಡವನ್ನೋ ನೋಡುವ ಅಭ್ಯಾಸವಿರಲಿ. ಡಿಸೆಂಬರ್ ಒಳಗೆ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲವೆಂದು ಎಲ್ಲ ಅಭ್ಯಾಸವನ್ನೂ ಮೊಬೈಲಿನಲ್ಲೇ ಮಾಡಿಸಬೇಡಿ. ನಾಲ್ಕೈದು ಸಲವಾದರೂ ಸೈಬರ್ ಕೆಫೆಯಲ್ಲೋ ಕಾಲೇಜಿನಲ್ಲೋ ದೊಡ್ಡ ಪರದೆಯ ಮೇಲೆ ಬಿಡಿಸಲಿ.

*ಊಟ, ಮತ್ತು ಹೆಣ್ಣುಮಕ್ಕಳ ವಿಷಯ*

ಬಾದಾಮಿ, ನೆನಪಿನ ಶಕ್ತಿಯ ಟಾನಿಕ್ ಎಂದು ದುಡ್ಡು ಸುರಿಯಬೇಡಿ. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಒಂದು ಹಣ್ಣು ಸಾಕು. ಬೆಳಗಿನ ತಿಂಡಿ ಬಿಡಬಾರದು. ಪರೀಕ್ಷೆಯ ವಾರದಲ್ಲಿ ಹೊರಗಿನ ವಡಾಪಾವ್, ಪಾನಿಪುರಿ ಬೇಡ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ನಮ್ಮ ದೇಶದಲ್ಲಿ 15–19 ವರ್ಷದ ಹೆಣ್ಣುಮಕ್ಕಳಲ್ಲಿ 59% ಮಂದಿಗೆ ರಕ್ತಹೀನತೆ ಇದೆ. ಓದಲು ಕುಳಿತರೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು ಇದ್ದರೆ 'ಓದಿನ ಒತ್ತಡ' ಎಂದು ಬಿಡಬೇಡಿ, ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ಡಾಕ್ಟರ್ ಸಲಹೆಯಂತೆ ಕಬ್ಬಿಣಾಂಶದ ಮಾತ್ರೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಸರಿಯಾಗಿ ಹೀರಿಕೊಳ್ಳುವುದಿಲ್ಲ, ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹೀರುತ್ತದೆ. ಪರೀಕ್ಷೆಯ ದಿನವೇ ಮುಟ್ಟು ಬರುತ್ತದೆಂದು ಮೆಡಿಕಲ್ ಶಾಪಿನಿಂದ ಮುಂದೂಡುವ ಮಾತ್ರೆ ತಂದು ನುಂಗಿಸುವುದು ನಮ್ಮಲ್ಲಿ ತುಂಬಾ ಇದೆ. ಅದು ಹಾರ್ಮೋನ್ ಮಾತ್ರೆ, ಡಾಕ್ಟರಿಗೆ ತೋರಿಸದೆ ಕೊಡಬಾರದು. ಹೊಟ್ಟೆನೋವು ಜೋರಾಗಿರುವ ಮಕ್ಕಳಿಗೆ ಯಾವ ನೋವಿನ ಮಾತ್ರೆ ಹೊಂದುತ್ತದೆ ಎಂದು ಒಂದೆರಡು ತಿಂಗಳು ಮೊದಲೇ ಕೇಳಿ ತಿಳಿದುಕೊಳ್ಳಿ. ಹೊಸ ಮಾತ್ರೆಯ ಪ್ರಯೋಗ ಪರೀಕ್ಷೆಯ ದಿನ ಬೇಡ.

*ನಾವು ಆಡುವ ಒಂದು ಮಾತು*

"ನಿನ್ನ ಸಲುವಾಗಿಯೇ ಊರು ಬಿಟ್ಟು ಬಂದೀವಿ." ಹೊಲ ಬಿಟ್ಟು, ತಂದೆತಾಯಿಯನ್ನು ಬಿಟ್ಟು ಇಲ್ಲಿಗೆ ಬಂದ ನಮ್ಮೆಲ್ಲರ ಬಾಯಲ್ಲೂ ಈ ಮಾತು ಬರುತ್ತದೆ. ಸಿಟ್ಟಿನಲ್ಲಲ್ಲ, ಪ್ರೀತಿಯಲ್ಲೇ. ಆದರೆ ಕೇಳುವ ಹದಿನೇಳರ ಮಗುವಿಗೆ ಅದು ಸಾಲದ ಚೀಟಿಯಂತೆ ಕೇಳುತ್ತದೆ. ನಮ್ಮ ಮಗಳು ಆಮೇಲೆ ಒಂದು ದಿನ ಹೇಳಿದಳು, "ಅವ್ವಾ, ರಾತ್ರಿ ನಿದ್ದೆ ಬಂದರೂ ಮಲಗಲು ಹೆದರಿಕೆ ಆಗ್ತಿತ್ತು." ನಾನು ಉತ್ತರ ಕೊಡಲಿಲ್ಲ. ಈ ನೂರು ದಿನ ಆ ಮಾತನ್ನು ಆಡಬೇಡಿ. ಪಕ್ಕದ ಮನೆಯ ಹುಡುಗನ ಪರ್ಸೆಂಟೈಲೂ ಬೇಡ.

ಮಗು ಊಟ ಬಿಟ್ಟಿದ್ದರೆ, ಎರಡು ವಾರದಿಂದ ಯಾರೊಂದಿಗೂ ಮಾತಿಲ್ಲದಿದ್ದರೆ, ಕಾರಣವಿಲ್ಲದೆ ಅಳುತ್ತಿದ್ದರೆ, "ನಾನು ಇರಲೇಬಾರದಿತ್ತು" ಎಂಬಂಥ ಮಾತು ಒಮ್ಮೆ ಬಾಯಿಂದ ಬಂದರೂ, ನಾಟಕ ಎನ್ನಬೇಡಿ. ಒಂಟಿಯಾಗಿ ಬಿಡಬೇಡಿ, ಹತ್ತಿರ ಕುಳಿತು ಕೇಳಿ, ಡಾಕ್ಟರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಕರೆಗೆ ಶುಲ್ಕವಿಲ್ಲ. ಮರಾಠಿ, ಇಂಗ್ಲಿಷ್ ಬಾರದ ತಾಯಂದಿರೂ ಮಾಡಬಹುದು, ಅಲ್ಲಿ ಭಾಷೆಗಳ ಪೈಕಿ ಕನ್ನಡವೂ ಇದೆ. ಈ ನಂಬರನ್ನು ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಪರೀಕ್ಷೆಯ ಹಿಂದಿನ ದಿನ ಕೇಂದ್ರವನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಸಿಇಟಿ ಕೇಂದ್ರ ಊರ ಹೊರಗಿನ ಕಾಲೇಜಿನಲ್ಲಿ ಬರಬಹುದು, ಪಿಎಂಪಿ ಬಸ್ಸಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿರಲಿ. ಹಾಲ್ ಟಿಕೆಟ್, ಗುರುತಿನ ಚೀಟಿ, ನೀರಿನ ಬಾಟಲಿ ರಾತ್ರಿಯೇ ಬಾಗಿಲ ಬಳಿ ಇಡಿ, ಹತ್ತೂವರೆಗೆ ಎಲ್ಲರೂ ಮಲಗಿ. ಪೇಪರ್ ಮುಗಿಸಿ ಬಂದ ಮಗುವಿಗೆ ಮೊದಲು ಮಜ್ಜಿಗೆ ಕೊಡಿ. ಎಷ್ಟು ಸರಿಯಾಯಿತು ಎಂದು ಆ ಸಂಜೆ ಕೇಳಬೇಡಿ.

ಮುಂದಿನ ವಾರ ಬೇಸಿಗೆಯ ಉಷ್ಣಾಘಾತದ ಬಗ್ಗೆ. ಬಾರಾವಿ ಮಕ್ಕಳಿರುವ ಮನೆಗಳಿಗೆ ಇದನ್ನು ಕಳಿಸಿ.