ಬಿಸಿ ಸಾಂಬಾರನ್ನು ನೇರವಾಗಿ ಬ್ಲಾಸ್ಟ್ ಚಿಲ್ಲರ್‌ಗೆ ಇಡಬಹುದೇ?

ಇಡಬಹುದು. ಕುದಿ ಇಳಿದ ಕೂಡಲೇ ಇಡಬೇಕು ಕೂಡ. ಆರಲಿ ಎಂದು ಕಟ್ಟೆಯ ಮೇಲೆ ಬಿಡುವ ಆ ಹೊತ್ತೇ ಅಪಾಯದ್ದು. 60ರಿಂದ 5 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಸಾಮಾನ್ಯ ಫ್ರಿಜ್ ಇರುವುದು ತಣ್ಣಗಿರುವುದನ್ನು ತಣ್ಣಗೇ ಇಡಲು. ಬ್ಲಾಸ್ಟ್ ಚಿಲ್ಲರ್ ರಭಸದ ತಣ್ಣನೆ ಗಾಳಿ ಬೀಸಿ, ಆಹಾರದ ನಡುಭಾಗವನ್ನು 70ರಿಂದ 3 ಡಿಗ್ರಿಗೆ 90 ನಿಮಿಷದೊಳಗೆ ಇಳಿಸಬೇಕು.

ಆದರೆ ದೊಡ್ಡ ಪಾತ್ರೆಯನ್ನು ಮುಚ್ಚಳ ಸಮೇತ ಇಟ್ಟರೆ ಎಂಥ ಯಂತ್ರವೂ ಸೋಲುತ್ತದೆ. ಅಗಲವಾದ ಸ್ಟೀಲ್ ಟ್ರೇಗಳಿಗೆ 5 ಸೆಂ.ಮೀ. ಆಳ ಮೀರದಂತೆ ಸುರಿಯಿರಿ, ಟ್ರೇಗಳ ನಡುವೆ ಗಾಳಿಯಾಡಲಿ. ತಾಪ ಅಳೆಯುವ ಪ್ರೋಬ್ ಚುಚ್ಚಬೇಕಾದದ್ದು ಅತಿ ದಪ್ಪ ಭಾಗದ ಮಧ್ಯಕ್ಕೆ.

ನನಗೆ ಸಾಂಬಾರಿಗಿಂತ ಅನ್ನದ್ದೇ ಚಿಂತೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಬದುಕಿರುತ್ತವೆ; ಅನ್ನ ನಿಧಾನವಾಗಿ ಆರಿದರೆ ಮೊಳೆತು, ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ದಯವಿಟ್ಟು ಅನ್ನವನ್ನೇ ಮೊದಲ ಸರದಿಗೆ ಹಾಕಿ.

ಫ್ರೀಜ್ ಮಾಡುವುದಾದರೆ 4 ಗಂಟೆಯೊಳಗೆ ಮೈನಸ್ 18 ತಲುಪಲಿ. ಬೇಗ ಹೆಪ್ಪುಗಟ್ಟಿದಷ್ಟೂ ಮಂಜಿನ ಹರಳುಗಳು ಸಣ್ಣವು, ಕರಗಿಸಿದಾಗ ಪಲ್ಯ ನೀರು ಬಿಡುವುದೂ ಕಡಿಮೆ. ಆಮೇಲೆ ಮುಚ್ಚಿ, ದಿನಾಂಕ ಬರೆದು ಫ್ರೀಜರ್‌ಗೆ ವರ್ಗಾಯಿಸಿ, ಚಿಲ್ಲರನ್ನು ಮುಂದಿನ ಅಡುಗೆಗೆ ಖಾಲಿ ಮಾಡಿಕೊಳ್ಳಿ.