ಕಂಪ್ಯೂಟರಿನ ಅಂಗಳ: ಚೆಂದ ಇರಲಿ, ಕೆಲಸವೂ ಆಗಲಿ

ಶಾಲೆಯ ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ ಮೊದಲು ಕಾಣೋದು ಡೆಸ್ಕ್‌ಟಾಪ್. ಅದು ಮನೆ ಮುಂದಿನ ಅಂಗಳ ಇದ್ದಂಗೆ. ನಮ್ಮ ಯಾಲಾಲ್, ತಾಂಡೂರು ಕಡೆ ಅಂಗಳಕ್ಕೆ ಕಲ್ಲು ಹಾಸ್ತಾರಲ್ಲ, ಹಾಸಿದ ಮೇಲೆ ಅಲ್ಲಿ ಓಡಾಡಕ್ಕೂ ಜಾಗ ಬೇಕು. ಒಂದೇ ಕಂಪ್ಯೂಟರಿನ ಮುಂದೆ ನಾಲ್ಕು ಮಂದಿ ಕೂತಾಗ ಫೈಲ್ ಹುಡುಕೋದ್ರಲ್ಲೇ ಹತ್ತು ನಿಮಿಷ ಹೋದ್ರೆ, ಕಡೆಯವರ ಸರದಿ ಬರೋದೇ ಇಲ್ಲ.

ಎಲ್ಲರೂ ಮೊದಲು ಕೈ ಹಾಕೋದು ವಾಲ್‌ಪೇಪರಿಗೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡ್ರಿ. ಹೂಬಿಟ್ಟ ತೊಗರಿ ಹೊಲದ ಫೋಟೋ ಮೊಬೈಲಿನಲ್ಲಿ ತೆಗೆದಿರಿ ಅನ್ನೋಣ. ಅಳತೆ 4000 × 3000 ಪಿಕ್ಸೆಲ್. ಅಂದರೆ 1 ಕೋಟಿ 20 ಲಕ್ಷ ಚುಕ್ಕೆಗಳು. ಸಾಮಾನ್ಯವಾಗಿ ಒಂದು ಚುಕ್ಕೆಗೆ 4 ಬೈಟ್. ಫೈಲ್ 3 ಎಂಬಿ ಇದ್ದರೂ, ಅದನ್ನು ಬಿಚ್ಚುವಾಗ ಮೆಮರಿಯಲ್ಲಿ ಸುಮಾರು 48 ಎಂಬಿ ಜಾಗ ಬೇಕು! ನಿಮ್ಮ ಪರದೆ 1366 × 768 ಆಗಿದ್ದರೆ ಅದಕ್ಕೆ ಸಾಕಾಗೋದು ಸುಮಾರು 4 ಎಂಬಿ ಮಾತ್ರ. ಹಾಗಾಗಿ ಚಿತ್ರವನ್ನು ಪರದೆಯ ಅಳತೆಗೆ ಇಳಿಸಿ ಹಾಕಿ. ಐಕಾನ್‌ಗಳ ಹಿಂದೆ ಬರೋ ಭಾಗ ಸಾದಾ ಇರಲಿ, ಇಲ್ಲಾಂದ್ರೆ ಹೆಸರು ಓದಕ್ಕೆ ಆಗಲ್ಲ.

"ಕಪ್ಪು ಚಿತ್ರ ಹಾಕಿದ್ರೆ ಕರೆಂಟ್ ಉಳೀತದಲ್ರೀ ಸರ್?" ಅಂತ ಕೇಳೋರಿದ್ದಾರೆ. ಒಎಲ್‌ಇಡಿ ಪರದೆಯಲ್ಲಿ ಹೌದು, ಅಲ್ಲಿ ಕಪ್ಪು ಚುಕ್ಕೆ ಬೆಳಕನ್ನೇ ಕೊಡೋದಿಲ್ಲ. ಲ್ಯಾಬಿನಲ್ಲಿರೋದು ಬಹುತೇಕ ಎಲ್‌ಸಿಡಿ. ಅದರಲ್ಲಿ ಹಿಂದಿನ ದೀಪ ಉರೀತಾನೇ ಇರ್ತದೆ, ಉಳಿತಾಯ ಅಷ್ಟಕ್ಕಷ್ಟೇ.

ಹಳೇ ಕಂಪ್ಯೂಟರ್ ಆಮೆ ಹಂಗೆ ನಡೀತಿದ್ದರೆ ಡೆಸ್ಕ್‌ಟಾಪನ್ನೇ ಬದಲಿಸಬಹುದು. ಲಿನಕ್ಸಿನಲ್ಲಿ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಹೀಗೆ ಹಲವು ಇವೆ; ಎಕ್ಸ್‌ಎಫ್‌ಸಿಇ ಕಡಿಮೆ ಮೆಮರಿಯಲ್ಲೇ ಓಡ್ತದೆ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಉಬುಂಟು ಆಧಾರದ ಲಿನಕ್ಸ್ ಸಿದ್ಧಪಡಿಸಿದೆ, ಕಾಸರಗೋಡಿನ ಕನ್ನಡ ಶಾಲೆಗಳಿಗೂ ಅದೇ.

ನಮಗೆ ಇದಕ್ಕಿಂತ ಮುಖ್ಯವಾದದ್ದು ಕೀಲಿಮಣೆ. ನಾವು ಕನ್ನಡದಲ್ಲಿ ಓದ್ತೀವಿ, ತೆಲುಗಿನಲ್ಲೂ ಬರೀಬೇಕಾಗ್ತದೆ. ಸೆಟ್ಟಿಂಗ್ಸಿನಲ್ಲಿ ಎರಡೂ ಭಾಷೆಗೆ ಇನ್‌ಸ್ಕ್ರಿಪ್ಟ್ ಸೇರಿಸಿ. 'ಕೆ' ಒತ್ತಿದರೆ ಕನ್ನಡದಲ್ಲೂ ತೆಲುಗಿನಲ್ಲೂ ಕ-ಕಾರ, 'ಎಚ್' ಒತ್ತಿದರೆ ಎರಡರಲ್ಲೂ ಪ-ಕಾರ. ಒಂದು ಕಲಿತರೆ ಎರಡು ಬಂದಂಗೆ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿರೋ ವಿನ್ಯಾಸದಲ್ಲಿ ಪ ಬೇಕಾದರೆ 'ಪಿ' ಒತ್ತಬೇಕು. ಇಂಗ್ಲಿಷ್ ಅಕ್ಷರ ಗೊತ್ತಿದ್ದೋರಿಗೆ ಅದು ಬೇಗ ಹತ್ತುತ್ತದೆ. ನನ್ನ ಓಟು ಗಡಿನಾಡ ಮಕ್ಕಳಿಗೆ ಇನ್‌ಸ್ಕ್ರಿಪ್ಟಿಗೇ.

ಮಾಡಿ ನೋಡಿ: ಡೆಸ್ಕ್‌ಟಾಪಿನಲ್ಲಿ ಚೆಲ್ಲಾಡಿದ ಫೈಲುಗಳ ನಡುವೆ ನಿಮ್ಮದೊಂದನ್ನು ಹುಡುಕಿ, ಎಷ್ಟು ಸೆಕೆಂಡ್ ಹಿಡೀತು ಬರೆದಿಡಿ. ಆಮೇಲೆ ತರಗತಿಗೊಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಅದರೊಳಗೆ ಹಾಕಿ, ಮತ್ತೆ ಹುಡುಕಿ. ಐದೈದು ಸಲ ಮಾಡಿ ಸರಾಸರಿ ತೆಗೀರಿ. ಬದಲಿಸೋ ಮುಂಚೆ ಹಳೇ ಸೆಟ್ಟಿಂಗ್ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ರಿ. ಮುಂದಿನ ಪೀರಿಯಡ್ಡಿಗೆ ಬೇರೆ ತರಗತಿಯವರು ಬರ್ತಾರೆ.