ಮನಸ್ಸಿಗೆ ಹತ್ತುವ ನೆಟೆ ರೋಗ

ತೊಗರಿ ಬೆಳೆಯುವವರಿಗೆ ನೆಟೆ ರೋಗ ಗೊತ್ತು. ಹೂವು ಕಾಯಿ ಹಿಡಿಯುವ ಹೊತ್ತಿಗೆ ಗಿಡ ಸೊರಗಿ ನಿಲ್ಲುತ್ತದೆ. ಮೇಲೆ ನೋಡಿದರೆ ಹುಳ ಇಲ್ಲ, ಭೂಮಿಯಲ್ಲಿ ಹಸಿಯೂ ಇರುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿದ್ದ ಶಿಲೀಂಧ್ರ ಬೇರಿನಿಂದ ಏರಿ ನೀರು ಹೋಗುವ ದಾರಿಯನ್ನೇ ಮುಚ್ಚಿರುತ್ತದೆ. ಇಂಥದೇ ಒಂದು ಬೇನೆ ಒಕ್ಕಲುತನ ಮಾಡುವವರ ಮನಸ್ಸಿಗೂ ಹತ್ತುತ್ತದೆ. ನನಗೆ ಹತ್ತಿತ್ತು. ಅದನ್ನು ಗುರುತಿಸುವುದು ಹೇಗೆ, ಏನು ಮಾಡಬೇಕು ಎಂದು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹೇಗೆ ಶುರುವಾಯಿತು

ನಮ್ಮದು ಗಬ್ಬೂರು ಸೀಮೆಯ ಎರೆ ಹೊಲ. ಕಾಲುವೆ ನೀರು ನಮ್ಮ ಹೊಲಕ್ಕೆ ಹತ್ತುವುದಿಲ್ಲ, ಮಳೆಯೇ ಗತಿ. 2023ರಲ್ಲಿ ಮಳೆ ತಡವಾಗಿ ಬಂತು, ಆಗಸ್ಟ್ ತಿಂಗಳು ಪೂರ್ತಿ ಕೈಕೊಟ್ಟಿತು. ನಾಲ್ಕು ಎಕರೆ ಹತ್ತಿಗೆ ತೊಂಬತ್ತು ಸಾವಿರ ಲಾಗೋಡಿ ಹಾಕಿದ್ದೆ. ಬಂದದ್ದು ಒಂಬತ್ತು ಕ್ವಿಂಟಾಲು. ಅಡತಿ ಅಂಗಡಿಯ ಪಟ್ಟಿ ನೋಡಿದಾಗ ಹಾಕಿದ್ದೂ ಬಂದಿರಲಿಲ್ಲ.

ದೀಪಾವಳಿ ಮುಗಿಯುತ್ತಲೇ ಮಗ ಸೊಸೆ ಮೊಮ್ಮಗನನ್ನು ಕರಕೊಂಡು ಬೆಂಗಳೂರಿಗೆ ಗುಳೆ ಹೋದರು. ಹೆಂಡತಿ ಮಗಳ ಬಾಣಂತನಕ್ಕೆ ಹೋದಳು. ಮನೆಯಲ್ಲಿ ನಾನು, ಎರಡು ಎತ್ತು. ನಮ್ಮ ತಾಲೂಕಿನಲ್ಲಿ ಗುಳೆ ಹೊಸದಲ್ಲ. ಹೋದವರ ಕಷ್ಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಉಳಿದವರ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಾತಿಗೆ ಯಾರೂ ಇರುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಮೊದಲು ನಿದ್ದೆ ಹೋಯಿತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನ ತನಕ ಸಾಲದ ಲೆಕ್ಕ. ರೊಟ್ಟಿ ಬಾಯಿಗೆ ಹತ್ತಲಿಲ್ಲ. ಕಟ್ಟೆಗೆ ಹೋದರೆ ಕೊಟ್ಟವರು ಕೇಳುತ್ತಾರೆಂದು ಕಟ್ಟೆ ಬಿಟ್ಟೆ. ಭಜನೆ ಬಿಟ್ಟೆ. ಕಡೆಗೆ ಹೊಲಕ್ಕೂ ಹೋಗಲಿಲ್ಲ. ಮೈ ಕೈ ನೋವು, ತಲೆಭಾರ ಎಂದು ಊರಲ್ಲಿ ಸೂಜಿ, ಸಲಾಯಿನ್ ಹಾಕಿಸಿಕೊಂಡೆ. ಹಣ ಹೋಯಿತೇ ಹೊರತು ಗುಣ ಕಾಣಲಿಲ್ಲ. ರೋಗ ಇದ್ದದ್ದು ಬೇರಿನಲ್ಲಿ, ನಾನು ಎಲೆಗೆ ಔಷಧಿ ಹೊಡೆಯುತ್ತಿದ್ದೆ.

ಇನ್ನು ಬದುಕಿ ಏನು ಮಾಡಲಿ ಎಂಬ ವಿಚಾರವೂ ಬಂದಿತ್ತು. ಇದನ್ನು ಬರೆಯಲು ಬಹಳ ದಿನ ನಾಚಿಕೆಪಟ್ಟೆ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಓದುವವರಲ್ಲಿ ಯಾರಿಗಾದರೂ ಇದೇ ವಿಚಾರ ಬಂದಿರಬಹುದು. ಅಂಥವರು ತಿಳಿಯಬೇಕಾದದ್ದು ಇಷ್ಟೇ: ಅದು ಬೇನೆ ಆಡಿಸುವ ಮಾತು. ಬೇನೆ ಇಳಿದ ಮೇಲೆ ಆ ಮಾತೂ ಇಳಿಯುತ್ತದೆ. ನನಗೆ ಇಳಿಯಿತು.

ಗುರುತಿಸಿದವರು

ಓಣಿಯ ಆಶಾ ಕಾರ್ಯಕರ್ತೆ ಬೇರೆ ಕೆಲಸಕ್ಕೆ ಮನೆಗೆ ಬಂದವಳು ನನ್ನನ್ನು ನೋಡಿ ಕುಂತಳು. "ಕಾಕಾ, ನಿದ್ದಿ ಬರ್ತದ ಇಲ್ಲ? ಊಟ ಹೋಗ್ತದ? ಯಾವುದ್ರಾಗರ ಮನಸ್ಸು ಐತೇನು?" ಎಂದು ಕೇಳಿದಳು. ಮೂರಕ್ಕೂ ಇಲ್ಲ ಎಂದೆ. "ಜೀವ ಬ್ಯಾಡ ಅನಿಸ್ತದೇನು ಕಾಕಾ?" ಎಂದು ನೇರವಾಗಿ ಕೇಳಿದಳು. ಯಾರೂ ಕೇಳಿರದ ಪ್ರಶ್ನೆ. ಉತ್ತರ ಹೇಳುವ ಮೊದಲೇ ಅಳು ಬಂತು.

ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಯಲ್ಲಿ ಹಾಕಿದಂತಾಗುತ್ತದೆ ಎಂದು ಕೆಲವರು ಅಂಜುತ್ತಾರೆ. ಅದು ತಪ್ಪು ತಿಳಿವಳಿಕೆ. ಕೇಳಿದರೆ ಎದೆಯ ಭಾರ ಇಳಿಯುತ್ತದೆ, ಸಹಾಯಕ್ಕೆ ದಾರಿಯಾಗುತ್ತದೆ. ಆಕೆ ಆ ಹೊತ್ತೇ ಪಕ್ಕದ ಮನೆಯ ಗೆಳೆಯನನ್ನು ಕರೆಸಿದಳು. ಅವನು ಮನೆಯಲ್ಲಿದ್ದ ಕ್ರಿಮಿನಾಶಕದ ಡಬ್ಬಿಗಳನ್ನೆಲ್ಲ ತನ್ನ ಮನೆಗೆ ಒಯ್ದು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ. ಹದಿನೈದು ದಿನ ರಾತ್ರಿ ನಮ್ಮ ಪಡಸಾಲೆಯಲ್ಲೇ ಮಲಗಿದ. ಬುದ್ಧಿವಾದ ಏನೂ ಹೇಳಲಿಲ್ಲ. ಜೊತೆಗಿದ್ದ ಅಷ್ಟೇ.

ಬೇನೆಯೋ, ಬರೀ ಬೇಸರವೋ?

ಬೆಳೆ ಹೋದಾಗ ದುಃಖವಾಗುವುದು ಸಹಜ. ನಾಲ್ಕು ದಿನದಲ್ಲಿ ಅದು ತಿಳಿಯಾಗುತ್ತದೆ, ನಡುವೆ ನಗುವೂ ಬರುತ್ತದೆ. ಬೇನೆ ಹಾಗಲ್ಲ. ಡಾಕ್ಟರು ನನಗೆ ಹೇಳಿದ ಗುರುತುಗಳು ಇವು:

1. ದಿನದ ಬಹುಹೊತ್ತು ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಿದ್ದ ಯಾವುದೂ ಬೇಡವೆನಿಸುವುದು.
2. ನಿದ್ದೆ, ಹಸಿವು ಕೆಡುವುದು.
3. ಕೆಲಸ ಮಾಡದೆಯೂ ಸುಸ್ತು, ಕಾರಣ ಸಿಗದ ಮೈನೋವು.
4. ಸಣ್ಣ ಮಾತಿಗೂ ಸಿಟ್ಟು, ಜನರಿಂದ ದೂರ ಸರಿಯುವುದು, ಕುಡಿತ ಹೆಚ್ಚುವುದು.
5. ನಾನು ಯಾತಕ್ಕೂ ಬಾರದವ ಎಂಬ ಭಾವನೆ, ಸಾವಿನ ವಿಚಾರ.

ಇವುಗಳಲ್ಲಿ ಹಲವು ಕೂಡಿ ಎರಡು ವಾರ ದಾಟಿದರೆ ತೋರಿಸಬೇಕು. ಐದನೆಯದು ಕಂಡರೆ ಒಂದು ದಿನವೂ ಕಾಯಬಾರದು, ಆ ಮನುಷ್ಯನನ್ನು ಒಬ್ಬನನ್ನೇ ಬಿಡಬಾರದು. ಹೆಣ್ಣುಮಕ್ಕಳಲ್ಲಿ ಇದು ಬರೀ ತಲೆನೋವು, ಸೊಂಟನೋವು ಎಂದೇ ಮುಚ್ಚಿಹೋಗುತ್ತದೆ. ಹೊಲ, ಮನೆ, ಸಂಘದ ಕಂತು ಮೂರೂ ಅವರ ತಲೆಯ ಮೇಲಿರುತ್ತದೆ ಎಂಬುದನ್ನು ಗಂಡಸರು ಮರೆಯಬಾರದು.

ಚಿಕಿತ್ಸೆ ಎಂದರೆ ಏನು?

ಗೆಳೆಯನೇ ದೇವದುರ್ಗದ ಸರಕಾರಿ ಆಸ್ಪತ್ರೆಗೆ ಕರಕೊಂಡು ಹೋದ. ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆಯಿದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ ಕೂಡ ಹೀಗೆ ಆಗುವುದುಂಟಂತೆ. ನಂತರ ಗುಳಿಗೆ ಕೊಟ್ಟರು. ಅದು ಮಲಗಿಸುವ ಗುಳಿಗೆಯಲ್ಲ, ನುಂಗಿದ ದಿನವೇ ಗುಣ ಕಾಣುವಂಥದೂ ಅಲ್ಲ. ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಈ ನಡುವೆಯೇ ಬಹಳ ಜನ "ಏನೂ ಆಗ್ಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಬಿತ್ತಿದ ಮರುದಿನ ಮೊಳಕೆ ಹುಡುಕಿದಂತೆ ಅದು. ಗುಣವಾದ ಮೇಲೂ ಡಾಕ್ಟರು ಹೇಳುವ ತನಕ ಕೆಲವು ತಿಂಗಳು ನುಂಗಬೇಕು. ತಾವಾಗಿ ನಿಲ್ಲಿಸಬಾರದು. ನನಗೆ ಇಪ್ಪತ್ತನೇ ದಿನಕ್ಕೆ ನಿದ್ದೆ ಹತ್ತಿತು. ತಿಂಗಳಿಗೆ ಎತ್ತಿನ ಮೈ ತೊಳೆಯಬೇಕೆನಿಸಿತು.

ಹುಚ್ಚರ ಆಸ್ಪತ್ರೆಗೆ ಹೋಗಬೇಕಾಗುತ್ತದೆ ಎಂಬ ಅಂಜಿಕೆ ಬೇಡ. ಇಂಥ ಚಿಕಿತ್ಸೆಯನ್ನು ಹಳ್ಳಿಯ ಸನಿಹಕ್ಕೆ ತರಬಹುದೇ ಎಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು ಅಲ್ಲೇ ಗುಳಿಗೆ ಸಿಗುವಂತೆ ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ರಾಯಚೂರಿನಲ್ಲಿ ರಿಮ್ಸ್ ಆಸ್ಪತ್ರೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಂಡು ಹೋಗಿ.

ಹೋಗಲಾಗದಿದ್ದರೆ ಫೋನಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಪುಕ್ಕಟೆ. ಕನ್ನಡದಲ್ಲೇ ಮಾತಾಡಬಹುದು.

ಸಾಲವನ್ನು ಹಾಳೆಗೆ ಇಳಿಸಿ

ಗುಳಿಗೆಯಿಂದ ಸಾಲ ತೀರುವುದಿಲ್ಲ. ಆದರೆ ಸಾಲ ನೋಡುವ ಶಕ್ತಿ ಬರುತ್ತದೆ. ನನ್ನ ತಲೆಯಲ್ಲಿ ಐದು ಲಕ್ಷ ಸಾಲವಿದ್ದಂತೆ ತಿರುಗುತ್ತಿತ್ತು. ಗೆಳೆಯ ಮೊಮ್ಮಗನ ಹಳೆಯ ನೋಟುಬುಕ್ಕಿನಲ್ಲಿ ಬರೆಯಿಸಿದ. ಬ್ಯಾಂಕಿನ ಬೆಳೆಸಾಲ 1,20,000. ಅಡತಿಯದು 90,000. ಕೈಗಡ 40,000. ಹೆಂಡತಿಯ ಸಂಘದ್ದು 35,000. ಒಟ್ಟು 2,85,000. ಕಡಿಮೆಯೇನಲ್ಲ, ಆದರೆ ಐದು ಲಕ್ಷವಲ್ಲ.

ಬರೆದ ಮೇಲೆ ಇನ್ನೊಂದು ಕಂಡಿತು. ಅಡತಿಯದು ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ, ಅಂದರೆ ತಿಂಗಳಿಗೆ 1,800. ತಿನ್ನುತ್ತಿದ್ದದ್ದು ಅದು. ಮಗನಿಗೆ ಹೇಳಿ ಅವನು ಕಳಿಸುವ ಕೂಲಿಯನ್ನು ಮೊದಲು ಅದಕ್ಕೇ ಕಟ್ಟಿದೆವು. ಬರ ಘೋಷಣೆಯಾದ ವರ್ಷ, ಬೆಳೆನಷ್ಟ ಮೂರನೇ ಒಂದು ಪಾಲು ದಾಟಿದರೆ, ಬೆಳೆಸಾಲದ ಅವಧಿ ಮುಂದೂಡಲು ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಮ್ಯಾನೇಜರರ ಮುಂದೆ ಹೋಗಿ ಕೇಳಬೇಕು, ತಪ್ಪಿಸಿಕೊಂಡು ತಿರುಗಬಾರದು. ಕಿರುಸಾಲ ಕಂಪನಿಯವರು ಮನೆ ಮುಂದೆ ನಿಂತು ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಅಂಥ ವಸೂಲಿ ಶಿಕ್ಷೆಯಾಗುವ ಅಪರಾಧ. ಪೊಲೀಸ್ ಠಾಣೆಗೆ ದೂರು ಕೊಡಬಹುದು.

ಡಬ್ಬಿಗೆ ಕೀಲಿ

ಎಲ್ಲ ಒಕ್ಕಲುಮನೆಗೂ ಇದು ಅವಶ್ಯ. ಕೆಟ್ಟ ವಿಚಾರ ಬಹಳ ಸಲ ಕೆಲವೇ ಹೊತ್ತು ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1995ರಿಂದ ಬಹಳ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದರು. ಎರಡು ದಶಕದಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಬಹಳ ಕೆಳಗೆ ಇಳಿಯಿತು. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಊರಿಗೊಂದು ಸಾಮೂಹಿಕ ಕೋಣೆ ಕಟ್ಟಿ, ರೈತರ ಡಬ್ಬಿಗಳನ್ನೆಲ್ಲ ಅಲ್ಲಿ ಕೀಲಿ ಹಾಕಿ ಇಡುವ ಪ್ರಯೋಗ ನಡೆಯಿತು. ಅದರಿಂದಲೂ ಒಳ್ಳೆಯ ಫಲ ಕಂಡಿತು. ನಾವೂ ಬೇಕಾದಷ್ಟೇ ತರೋಣ. ಉಳಿದದ್ದನ್ನು ಮನೆಯಲ್ಲಿ ಇಡದೆ ಕೀಲಿ ಹಾಕಿಡೋಣ. ಕೀಲಿ ಬೇರೆಯವರ ಹತ್ತಿರ ಇರಲಿ.

ಪೊಲೀಸ್ ಕೇಸಾಗುತ್ತದೆಂದು ಅಂಜಿ ಆಸ್ಪತ್ರೆಗೆ ಒಯ್ಯುವುದು ತಡಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಜೀವಕ್ಕೆ ಕೈಹಾಕಿಕೊಂಡವರನ್ನು ತೀವ್ರ ಸಂಕಟದಲ್ಲಿರುವವರೆಂದು ನೋಡುತ್ತದೆ, ಅವರ ಆರೈಕೆ ಸರಕಾರದ ಹೊಣೆ ಎನ್ನುತ್ತದೆ. ಕೂಡಲೇ 108ಕ್ಕೆ ಫೋನು ಮಾಡಿ.

ಜೊತೆಬೆಳೆ

ತೊಗರಿಯನ್ನು ಜೋಳದ ಜೊತೆ ಬೆಳೆದರೆ ನೆಟೆ ಕಡಿಮೆ. ನಮ್ಮ ಹಿರಿಯರು ಮುಯ್ಯಾಳಿಗೆ ಕೂಡುತ್ತಿದ್ದರು, ಎಳ್ಳಮಾಸಿಗೆ ಕೂಡಿ ಚರಗ ಚೆಲ್ಲುತ್ತಿದ್ದರು. ಅದರಲ್ಲಿ ಕೆಲಸದಷ್ಟೇ ಮಾತೂ ಇತ್ತು. ಈಗ ಎಲ್ಲರೂ ಅವರವರ ಹೊಲ, ಅವರವರ ಮೊಬೈಲು. ನಾವು ಆರು ಜನ ಸೇರಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಎರಡು ದಿನ ಯಾರಾದರೂ ಕಟ್ಟೆಗೆ ಬಾರದಿದ್ದರೆ ಮೂರನೇ ದಿನ ಒಬ್ಬರು ಅವರ ಮನೆಗೆ ಹೋಗಿ ಚಹಾ ಕುಡಿದು ಬರಬೇಕು. ಹೋದಾಗ "ಧೈರ್ಯ ತಗೋ, ಎಲ್ಲಾರಿಗೂ ಕಷ್ಟ ಐತಿ" ಎನ್ನಬಾರದು. "ನಿದ್ದಿ ಬರ್ತದ?" ಎಂದು ಕೇಳಿ ಸುಮ್ಮನೆ ಕೂಡಬೇಕು.

ಬೇನೆಯಲ್ಲಿರುವವರು ತಾವೇ ಮಾಡಬಹುದಾದದ್ದೂ ಇದೆ. ಬೆಳಿಗ್ಗೆ ಹೊತ್ತಿಗೆ ಏಳಬೇಕು. ಮನಸ್ಸು ಬಂದ ಮೇಲೆ ಕೆಲಸ ಎಂದು ಕೂಡದೆ ಒಂದು ಸಣ್ಣ ಕೆಲಸ ಹಿಡಿಯಬೇಕು. ನಾನು ದಿನಕ್ಕೆ ಒಂದು ಸಾಲಿನ ಕಸ ತೆಗೆಯುವುದರಿಂದ ಶುರುಮಾಡಿದೆ. ಸೆರೆ ಕುಡಿದರೆ ನಿದ್ದೆ ಬಂದಂತೆ ಅನಿಸುತ್ತದೆ, ಆದರೆ ನಡುರಾತ್ರಿ ಎಬ್ಬಿಸುತ್ತದೆ, ಮರುದಿನ ಮನಸ್ಸನ್ನು ಇನ್ನೂ ಕುಗ್ಗಿಸುತ್ತದೆ.

ನನ್ನ ಸಾಲ ಇನ್ನೂ ಪೂರ್ತಿ ತೀರಿಲ್ಲ. ಮಗ ಇನ್ನೂ ಗುಳೆ ಹೋಗುತ್ತಾನೆ, ಸಂಜೆ ಏಳಕ್ಕೆ ತಪ್ಪದೆ ಫೋನು ಮಾಡುತ್ತಾನೆ. ಮಳೆ ನಮ್ಮ ಕೈಯಲ್ಲಿಲ್ಲ, ಹತ್ತಿಯ ದರವೂ ಇಲ್ಲ. ಪಕ್ಕದ ಮನೆಯ ಬಾಗಿಲು ಮಾತ್ರ ಹತ್ತು ಹೆಜ್ಜೆ ದೂರ. ಇದನ್ನು ಓದುವಾಗ ಬಹಳ ದಿನದಿಂದ ಕಟ್ಟೆಗೆ ಬಾರದ ಯಾರಾದರೂ ನೆನಪಾದರೆ, ಇವತ್ತೇ ಹೋಗಿ ಬನ್ನಿ. 14416 ಎಂಬ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.